‘ಕೊಡು’ ಎಂಬ ಕ್ರಿಯಾಪದ

ಇಂಗ್ಲಿಷು ಕಲಿಸುವ ಮೇಷ್ಟರನ್ನು ಯಾವ ಪದ ಹೆಚ್ಚು ಗೋಳು ಹೊಯ್ದುಕೊಳ್ಳುತ್ತದೆ ಎಂದು ವಿಚಾರಿಸುವವರು ಸಾಮಾನ್ಯವಾಗಿ ಮಾರುದ್ದದ ಪದವೊಂದನ್ನು ನಿರೀಕ್ಷಿಸುತ್ತಾರೆ. ಮಾರುದ್ದದ ಪದ ಸಾಧುಪ್ರಾಣಿ. ಸ್ಪೆಲಿಂಗನ್ನು ನಾಲ್ಕು ಸಲ ಬರೆಸಿ ಅರ್ಥವನ್ನು ಎರಡು ಸಲ ಹೇಳಿಸಿದರೆ ಗೊಂತಿಗೆ ಕಟ್ಟಿದ ಮುದಿ ಎತ್ತಿನಂತೆ ಸುಮ್ಮನೆ ನಿಲ್ಲುತ್ತದೆ. ತುಂಟತನವೆಲ್ಲ ಗಿಡ್ಡ ಪದಗಳದ್ದು. ಗೆಟ್, ಪುಟ್, ಟೇಕ್, ಗಿವ್ ಇವೆಲ್ಲ ಹಗ್ಗ ಹರಿದುಕೊಂಡ ಕರುಗಳು. ಯಾವ ಬೇಲಿ ಹಾರಿ ಯಾರ ಗದ್ದೆಗೆ ನುಗ್ಗುತ್ತವೆಂದು ಹೇಳಲಾಗದು. ಅದರಲ್ಲೂ ಗಿವ್ ಎಂಬುದರ ಬೆನ್ನ ಹಿಂದೆ ನಾನು ಮೂವತ್ತೈದು ವರ್ಷ ಓಡಿದ್ದೇನೆ. ಮೊದಲು ಮದ್ದೂರು, ಆಮೇಲೆ ಮಳವಳ್ಳಿ, ಕೊನೆಗೆ ಮಂಡ್ಯ, ಈ ಮೂರು ಊರುಗಳ ಹೈಸ್ಕೂಲುಗಳಲ್ಲಿ ಇಂಗ್ಲಿಷು ಹೇಳಿಕೊಟ್ಟು ನಿವೃತ್ತನಾದವನು ನಾನು.

‘ಹೇಳಿಕೊಟ್ಟು’ ಎಂದೆನಲ್ಲವೆ? ನೋಡಿ, ಇಂಗ್ಲಿಷಿನ ಕೊಡುವ ಮಾತನ್ನು ಕುರಿತು ಬರೆಯಹೊರಟರೆ ನಮ್ಮ ‘ಕೊಡು’ ಕರೆಯದೆಯೇ ಬಂದು ಜಗಲಿಯ ಮೇಲೆ ಕುಳಿತಿದೆ. ಕನ್ನಡಿಗ ಪಾಠವನ್ನು ಸುಮ್ಮನೆ ಹೇಳುವುದಿಲ್ಲ, ಹೇಳಿ ಕೊಡುತ್ತಾನೆ. ಕಾಗದವನ್ನು ತನಗಾಗಿ ಬರೆದರೆ ಬರೆದುಕೊಂಡ. ಮತ್ತೊಬ್ಬರಿಗಾಗಿ ಬರೆದರೆ ಬರೆದುಕೊಟ್ಟ. ಕೊಡು, ಕೊಳ್ಳು ಎಂಬ ಎರಡು ಬಾಲಗಳಿಂದ ಕೆಲಸದ ಫಲ ಯಾರ ಮನೆಗೆ ಹೋಯಿತೆಂದು ತಿಳಿಸಿಬಿಡುವ ಭಾಷೆ ನಮ್ಮದು. ಇಂಥ ಭಾಷೆಯನ್ನು ತಾಯಿಯ ಹಾಲಿನೊಡನೆ ಕುಡಿದು ಬಂದ ಹುಡುಗರ ಮುಂದೆ ನಿಂತು, ಮೊದಲ ದಿನ ಕಪ್ಪು ಹಲಗೆಯ ಮೇಲೆ ‘ಗಿವ್ ಎಂದರೆ ಕೊಡು’ ಎಂದು ಬರೆದರೆ, ಅವರು ಅದನ್ನು ನಂಬಿಬಿಡುತ್ತಾರೆ. ನಂಬಿದ ಮೇಲೆ ಶುರುವಾಗುತ್ತದೆ ಪ್ರಹಸನ.

ಒಂದು ವರ್ಷ ಮದ್ದೂರು ಕಡೆ ಮಳೆ ಹೋಯಿತು. ಶುಲ್ಕದಲ್ಲಿ ರಿಯಾಯಿತಿ ಬೇಡಿ ಹೆಡ್ಮಾಸ್ಟರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದು ಆ ದಿನದ ಅಭ್ಯಾಸ. ಮನೆಯಲ್ಲಿ ಎಲ್ಲರೂ ‘ಮಳೆ ಕೈ ಕೊಟ್ಟಿತು’ ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದನ್ನು ನೋಡಿದ್ದ ಹುಡುಗನೊಬ್ಬ ಅದನ್ನು ಪದಕ್ಕೆ ಪದವಿಟ್ಟು ‘ದಿ ರೇನ್ ಗೇವ್ ಅಸ್ ಎ ಹ್ಯಾಂಡ್’ ಎಂದು ಬರೆದ. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಹಾಗಾಗಿ ಬರಗಾಲದ ಅರ್ಜಿ ವರುಣದೇವನಿಗೆ ಸಲ್ಲಿಸಿದ ಕೃತಜ್ಞತಾಪತ್ರವಾಯಿತು! ಕೈ ಕೊಟ್ಟರೆ ಅವರಲ್ಲಿ ಉಪಕಾರ, ನಮ್ಮಲ್ಲಿ ದ್ರೋಹ. ನಮಗೆ ಉಪಕಾರ ಬೇಕಾದರೆ ಹೆಗಲು ಕೊಡಬೇಕು. ಆದರೆ ಮಾತು ಕೊಡುವುದು, ಕಿವಿಗೊಡುವುದು ಎರಡು ಕಡೆಯೂ ಒಂದೇ. ಇದನ್ನು ಕಂಡಾಗ ಸಮುದ್ರದ ಆಚೆ ಒಬ್ಬ ನೆಂಟ ಸಿಕ್ಕಂತಾಗುತ್ತದೆ. ಪರೀಕ್ಷೆಯ ಸಂಗತಿ ಇನ್ನೊಂದು. ‘ಐ ಗೇವ್ ದಿ ಎಕ್ಸಾಮಿನೇಷನ್’ ಎಂದು ನಮ್ಮ ಹುಡುಗ ಹೇಳಿದರೆ ಇಂಗ್ಲೆಂಡಿನವನು ಅವನನ್ನು ಪರೀಕ್ಷಕನೆಂದು ತಿಳಿದು ಕುರ್ಚಿ ಹಾಕಿಯಾನು. ಅಲ್ಲಿ ಪರೀಕ್ಷೆ ಕೊಡುವವರು ಮೇಷ್ಟರು, ತೆಗೆದುಕೊಳ್ಳುವವರು ಹುಡುಗರು. ಹಿಂದಿಯವರು ಪರೀಕ್ಷೆಯನ್ನು ಕೊಡುತ್ತಾರೆ. ಹಿಂದೆ ನಮ್ಮ ಕಡೆ ಹುಡುಗರು ಪರೀಕ್ಷೆಗೆ ಕಟ್ಟುತ್ತಿದ್ದರು. ಕಟ್ಟಿದ್ದು ಫೀಜು, ಹೋದದ್ದು ನಿದ್ದೆ.

ಇವೆಲ್ಲ ನುಡಿಗಟ್ಟಿನ ತಮಾಷೆ, ಬಾಯಿಪಾಠದಿಂದ ಸರಿಹೋಗುತ್ತವೆ. ನಿಜವಾದ ತೊಡಕು ವಾಕ್ಯದ ಕಟ್ಟಡದಲ್ಲಿದೆ. ಕೊಡುವ ಕೆಲಸಕ್ಕೆ ಮೂವರು ಬೇಕು: ಕೊಡುವವನು, ಕೊಡುವ ವಸ್ತು, ಈಸಿಕೊಳ್ಳುವವನು. ಓಡುವುದಕ್ಕೆ ಒಬ್ಬ ಸಾಕು, ಹೊಡೆಯುವುದಕ್ಕೆ ಇಬ್ಬರು ಸಾಕು. ಕೊಡುವುದಕ್ಕೆ ಮಾತ್ರ ಮೂವರೂ ಬರಬೇಕು. ಈ ಮೂವರನ್ನು ನಮ್ಮ ಕನ್ನಡ ವಿಭಕ್ತಿಯ ಅಂಗಿ ತೊಡಿಸಿ ನಿಲ್ಲಿಸುತ್ತದೆ. ‘ಭೀಮನು ರಾಮನಿಗೆ ಪುಸ್ತಕವನ್ನು ಕೊಟ್ಟನು.’ ಭೀಮನು ಪ್ರಥಮಾ, ಪುಸ್ತಕವನ್ನು ದ್ವಿತೀಯಾ, ರಾಮನಿಗೆ ಚತುರ್ಥೀ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಿಂದ ಇಂದಿನ ಶಾಲಾಪುಸ್ತಕದವರೆಗೆ ಇದೇ ಲೆಕ್ಕ. ಚತುರ್ಥಿಗೆ ವೈಯಾಕರಣರು ಇಟ್ಟ ಹೆಸರೇ ಸಂಪ್ರದಾನ, ಎಂದರೆ ಕೊಡುವುದಕ್ಕೆ ಗುರಿಯಾದದ್ದು. ಅಂಗಿ ತೊಟ್ಟ ಮೇಲೆ ಅವರನ್ನು ಎಲ್ಲಿ ಕೂರಿಸಿದರೂ ಗುರುತು ಕೆಡುವುದಿಲ್ಲ. ಪುಸ್ತಕವನ್ನು ರಾಮನಿಗೆ ಭೀಮನು ಕೊಟ್ಟನು ಎನ್ನಿ, ರಾಮನಿಗೆ ಭೀಮನು ಪುಸ್ತಕವನ್ನು ಕೊಟ್ಟನು ಎನ್ನಿ. ಕೊಟ್ಟವನು ಭೀಮನೇ, ಪುಸ್ತಕ ಹೋದದ್ದು ರಾಮನ ಚೀಲಕ್ಕೇ.

ಸಾವಿರ ವರ್ಷದ ಹಿಂದೆ ಇಂಗ್ಲಿಷಿಗೂ ಇಂಥ ಅಂಗಿಗಳಿದ್ದವು. ಕಾಲಕ್ರಮದಲ್ಲಿ ಅವು ಹರಿದುಹೋದವು. ಗಿವ್ ಎಂಬ ಪದದ ಗಟ್ಟಿ ಗಕಾರ ಕೂಡ ಸಮುದ್ರ ದಾಟಿ ಬಂದು ನೆಲೆಸಿದ ನಾರ್ಸ್ ಜನರಿಂದ ಬಂದದ್ದು. ಮೂಲ ಇಂಗ್ಲಿಷಿನಲ್ಲಿ ಅದು ಯಕಾರಕ್ಕೆ ಹತ್ತಿರವಾಗಿತ್ತು. ಅಂಗಿ ಹೋದ ಮೇಲೆ ಇಂಗ್ಲಿಷಿನವರು ಜನರನ್ನು ಕುಳಿತ ಜಾಗದಿಂದಲೇ ಗುರುತಿಸಬೇಕಾಯಿತು. ‘ಭೀಮ ಗೇವ್ ರಾಮ ಎ ಬುಕ್’ ಎಂದರೆ ಕ್ರಿಯಾಪದದ ಪಕ್ಕದಲ್ಲಿ ಕುಳಿತವನು ಈಸಿಕೊಳ್ಳುವವನು. ಅವನನ್ನು ಆ ಜಾಗದಿಂದ ಎಬ್ಬಿಸಿದರೆ ಕೈಗೆ ‘ಟು’ ಎಂಬ ಚೀಟಿ ಕೊಟ್ಟು ಕಳಿಸಬೇಕು: ‘ಭೀಮ ಗೇವ್ ಎ ಬುಕ್ ಟು ರಾಮ’. ಇಷ್ಟನ್ನು ಹುಡುಗರು ಹೇಗೋ ಅರಗಿಸಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಜಾಗ ಹಿಡಿಯುವ ಕಲೆ ನಮ್ಮ ಜಿಲ್ಲೆಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

‘ಈಸಿಕೊಳ್ಳುವವನು’ ಎಂಬ ಮಾತು ಎರಡು ಮೂರು ಸಲ ಬಂತು. ಪಟ್ಟಣದ ಓದುಗರು ಇದನ್ನು ಹಳ್ಳಿಯ ಒರಟು ಮಾತೆಂದು ತಿಳಿಯಬಾರದು. ಇದು ರಾಜವಂಶದ ಕುಡಿ. ಹಿಂದೆ ದ್ರಾವಿಡ ಭಾಷೆಗಳಲ್ಲಿ ಕೊಡುವುದಕ್ಕೆ ಈ, ತಾ, ಕೊಡು ಎಂಬ ಮೂರು ಮಾತುಗಳಿದ್ದವು. ತಮಿಳಿನ ತೊಲ್ಕಾಪ್ಪಿಯಂ ಬೇಡುವವನ ಅಂತಸ್ತನ್ನು ನೋಡಿ ಇವನ್ನು ಹಂಚಿದೆ. ಕೆಳಗಿನವನು ಬೇಡುವಾಗ ‘ಈ’, ಸಮಾನನು ಕೇಳುವಾಗ ‘ತಾ’, ಮೇಲಿನವನು ಕೇಳುವಾಗ ‘ಕೊಡು’. ಮಲೆಯಾಳದಲ್ಲಿ ಇಂದಿಗೂ ನನಗೆ ನಿನಗೆ ಆದರೆ ‘ತರು’, ಮೂರನೆಯವನಿಗಾದರೆ ‘ಕೊಡು’. ಕನ್ನಡದಲ್ಲಿ ‘ತಾ’ ಹೊತ್ತು ತರುವ ಕೆಲಸಕ್ಕೆ ಸೇರಿಕೊಂಡಿತು. ‘ಈ’ ಎಂಬುದು ‘ಇತ್ತನು’ ಎಂಬ ರೂಪದಲ್ಲಿ ಕಾವ್ಯದ ಅರಮನೆಯಲ್ಲಿ ಉಳಿಯಿತು. ಆದರೆ ಅದರ ಮಗ ‘ಈಸು’, ಎಂದರೆ ಕೊಡಿಸು, ಮಂಡ್ಯದ ಸಂತೆಯಲ್ಲಿ ಇನ್ನೂ ಓಡಾಡಿಕೊಂಡಿದ್ದಾನೆ. ‘ಚಿಲ್ರೆ ಈಸ್ಕೊ’ ಎಂದು ಕಂಡಕ್ಟರನು ಕೂಗಿದಾಗಲೆಲ್ಲ ಹಳಗನ್ನಡದ ಒಂದು ಧಾತು ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತಿರುತ್ತದೆ. ‘ಕೊಟ್ಟೋನು ಕೋಡಂಗಿ, ಈಸ್ಕಂಡೋನು ಈರಭದ್ರ’ ಎಂಬ ಗಾದೆಯಲ್ಲಂತೂ ಹಳೆಯ ಧಾತು, ಹೊಸ ಧಾತು ಎರಡೂ ಎದುರುಬದುರು ನಿಂತು ಜಗಳವಾಡುತ್ತಿವೆ.

‘ಕೊಡು’ ಕೂಡ ಸಾಮಾನ್ಯದ್ದಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳ ಸಾಲಿನಲ್ಲಿ ಮೊದಲು ಹೆಸರು ಹೇಳುವುದು ಹಾಸನ ಜಿಲ್ಲೆಯ ಹಲ್ಮಿಡಿಯದು. ಕಾಲ ಸುಮಾರು ಕ್ರಿ. ಶ. 450 ಎಂದು ಎಣಿಕೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲಿನ ಸಂಸ್ಕೃತ ಸಮಾಸಗಳ ಸಂದಣಿಯನ್ನು ದಾಟಿ ಹೋದರೆ, ಇಡೀ ವಾಕ್ಯದ ಭಾರವನ್ನು ಹೊತ್ತು ನಿಂತಿರುವ ಅಚ್ಚಗನ್ನಡ ಕ್ರಿಯಾಪದ ಯಾವುದು? ‘ಕೊಟ್ಟಾರ್’. ಯುದ್ಧದಲ್ಲಿ ಮೆರೆದವನಿಗೆ ಎರಡು ಹಳ್ಳಿಗಳನ್ನು ಕೊಟ್ಟರು ಎಂಬುದೇ ಅದರ ಸಾರ. ಕಲ್ಲಿನ ಮೇಲೆ ಕನ್ನಡ ಬಾಯಿ ಬಿಟ್ಟ ಹೊತ್ತಿನಲ್ಲೇ ಆಡಿದ ಮಾತು ಕೊಡುವ ಮಾತು.

ಅಷ್ಟು ದೂರ ಏಕೆ, ಮದ್ದೂರು ತಾಲ್ಲೂಕಿನ ಆತಕೂರಿಗೇ ಬನ್ನಿ. ಅಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಕ್ರಿ. ಶ. 949–50ರದು, ಕೊಡುವ ಮಾತಿನ ಒಂದು ಪುಟ್ಟ ವಿಶ್ವಕೋಶ ಎನ್ನಬಹುದು. ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಬಿದ್ದ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮೆಚ್ಚಿ ಗಂಗರ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗ ತನ್ನ ವೀರ ಮಣಲೆರನಿಗೆ ‘ಮೆಚ್ಚಿದೆ, ಬೇಡಿಕೊ’ ಎಂದ. ಮಣಲೆರ ಬೇಡಿದ್ದು ಊರಲ್ಲ, ಹೊನ್ನಲ್ಲ. ಕಾಳಿ ಎಂಬ ಬೇಟೆನಾಯಿ. ಆ ನಾಯಿ ಮುಂದೆ ಕಾಡುಹಂದಿಯೊಂದರೊಡನೆ ಸೆಣಸಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವನಿಗೆ ಪಾಪವೆಂದು ಕಟ್ಟುಮಾಡಿದರು. ಮಣಲೆರನಿಗೆ ಆಮೇಲೆ ಬೂತುಗ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದ ಗೌರವಕ್ಕೆ, ಕೊಟ್ಟ. ನಾಡು ಕೊಟ್ಟರು, ನಾಯಿ ಕೊಟ್ಟರು, ಊರು ಕೊಟ್ಟರು. ಇದೇ ಬೂತುಗನಿಗೆ ರಾಷ್ಟ್ರಕೂಟರು ತಮ್ಮ ಮನೆಮಗಳಾದ ರೇವಕನಿಮ್ಮಡಿಯನ್ನೂ ಕೊಟ್ಟಿದ್ದರು. ಅರಸರ ಲೆಕ್ಕದಲ್ಲಿ ಇವೆಲ್ಲ ಒಂದೇ ಕ್ರಿಯಾಪದ. ಕೊಟ್ಟ ವಸ್ತುಗಳಿಗೆಲ್ಲ ಒಂದೇ ವಿಭಕ್ತಿ, ದ್ವಿತೀಯಾ.

ಇಲ್ಲಿಂದ ಮುಂದಿನ ಮಾತು ಸ್ವಲ್ಪ ಭಾರವಾದದ್ದು. ಅದನ್ನು ನನಗೆ ಕಲಿಸಿದ್ದು ಮಳವಳ್ಳಿಯ ಒಬ್ಬ ಹುಡುಗಿ.

ಇಂಗ್ಲಿಷಿನ ಗಿವ್ ಕರ್ಮಣಿ ಪ್ರಯೋಗದಲ್ಲಿ ಒಂದು ದೊಂಬರಾಟ ಆಡುತ್ತದೆ. ಸಾಧಾರಣವಾಗಿ ಕರ್ಮಣಿಯಲ್ಲಿ ಕರ್ಮಪದ ಕರ್ತೃವಿನ ಪೀಠ ಏರುತ್ತದೆ: ‘ಎ ಬುಕ್ ವಾಸ್ ಗಿವನ್’. ಆದರೆ ಇಂಗ್ಲಿಷಿನಲ್ಲಿ ಈಸಿಕೊಳ್ಳುವವನೂ ಆ ಪೀಠ ಏರಬಲ್ಲ: ‘ರಾಮ ವಾಸ್ ಗಿವನ್ ಎ ಬುಕ್’. ಅವನ ಮೈಮೇಲೆ ಚತುರ್ಥಿಯ ಅಂಗಿ ಇದ್ದಿದ್ದರೆ ಬಾಗಿಲಲ್ಲೇ ತಡೆಯುತ್ತಿದ್ದರೇನೋ. ಅಂಗಿ ಹರಿದುಹೋಗಿದ್ದರಿಂದ ಯಾರೂ ತಡೆಯಲಿಲ್ಲ. ಕನ್ನಡದಲ್ಲಿ ಇದು ನಡೆಯದು. ‘ನನಗೆ ಪುಸ್ತಕ ಕೊಡಲಾಯಿತು’ ಎನ್ನಬಹುದು. ‘ನಾನು ಕೊಡಲ್ಪಟ್ಟೆನು’ ಎಂದರೆ ನನ್ನನ್ನೇ ಎತ್ತಿ ಯಾರಿಗೋ ಕೊಟ್ಟಂತಾಯಿತು. ಈ ಪಾಠ ಮಾಡುತ್ತ ನಾನು ‘ರಾಣಿ ವಾಸ್ ಗಿವನ್ ಎ ಪ್ರೈಜ್’ ಎಂದು ಹಲಗೆಯ ಮೇಲೆ ಬರೆದಿದ್ದೆ. ಅದು ಒಂಬತ್ತನೆಯ ತರಗತಿ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದಳು.

“ಸಾ, ‘ರಾಣಿ ವಾಸ್ ಗಿವನ್’ ಅಂತ ಬರ್ದು ಅಲ್ಲಿಗೇ ನಿಲ್ಸಿಬುಟ್ರೆ, ರಾಣಿಗೆ ಏನೋ ಕೊಟ್ರು ಅಂತಲೋ, ರಾಣೀನೇ ಯಾರಿಗೋ ಕೊಟ್ಬುಟ್ರು ಅಂತಲೋ, ಯಂಗೆ ಗೊತ್ತಾಗೋದು ಸಾ?”

ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಪ್ರಶ್ನೆ ಅಪ್ಪಟ ವ್ಯಾಕರಣದ ಪ್ರಶ್ನೆ. ವಾಕ್ಯ ಮುಗಿಯುವವರೆಗೆ ಗೊತ್ತಾಗುವುದಿಲ್ಲ, ಮುಂದೆ ವಸ್ತುವಿನ ಹೆಸರು ಬಂದರೆ ರಾಣಿಗೆ ಸಿಕ್ಕಿತು, ‘ಟು’ ಬಂದರೆ ರಾಣಿಯೇ ಹೋದಳು ಎಂದು ಹೇಳಿದೆ. “ಮುಗಿಯೋಗಂಟ ಕಾಯ್ಬೇಕಾ ಸಾ?” ಎಂದು ಕೇಳಿ ಕುಳಿತಳು.

ಮರುವರ್ಷ ಹತ್ತನೆಯ ತರಗತಿಯ ಹಾಜರಿ ಕೂಗುವಾಗ ಆ ಹೆಸರಿಗೆ ಉತ್ತರ ಬರಲಿಲ್ಲ. ಅವಳ ಊರಿನ ಇನ್ನೊಬ್ಬ ಹುಡುಗಿ ಎದ್ದು ಹೇಳಿದಳು: “ಅವಳ್ನ ಕೊಟ್ಬುಟ್ರು ಸಾ.”

‘ಅವಳಿಗೆ’ ಅಲ್ಲ, ‘ಅವಳನ್ನ’. ಅವಳು ಕೇಳಿದ ಪ್ರಶ್ನೆಗೆ ಕನ್ನಡ ಒಂದೇ ಪ್ರತ್ಯಯದಲ್ಲಿ ಉತ್ತರ ಕೊಟ್ಟಿತ್ತು. ವಾಕ್ಯ ಮುಗಿಯುವ ತನಕ ಕಾಯಬೇಕಾಗಲಿಲ್ಲ.

ಅಂದಿನಿಂದ ಈ ಎರಡು ಪ್ರತ್ಯಯಗಳು ನನ್ನ ಕಿವಿಯಲ್ಲಿ ಕುಳಿತುಬಿಟ್ಟವು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತರೂ ಐದು ನಿಮಿಷದಲ್ಲಿ ಕೇಳುವ ಪ್ರಶ್ನೆ, “ಮಗಳನ್ನ ಎಲ್ಲಿಗೆ ಕೊಟ್ಟಿದ್ದೀರಿ?” ಉತ್ತರ, “ಮದ್ದೂರಿಗೆ ಕೊಟ್ಟಿದೀವಿ,” “ಮಳವಳ್ಳಿಗೆ ಕೊಟ್ಟಿದೀವಿ.” ಇಂಗ್ಲಿಷಿಗೆ ಇಳಿಸಿ ನೋಡಿ: ‘ಶಿ ಈಸ್ ಗಿವನ್ ಟು ಮಳವಳ್ಳಿ’. ಇಂಗ್ಲಿಷಿನವನು ತಲೆ ಕೆರೆದುಕೊಳ್ಳುತ್ತಾನೆ. ಊರಿಗೆ ಕೈಯುಂಟೆ ಈಸಿಕೊಳ್ಳಲು? ನಮಗೆ ಅದು ಅತಿ ಸಹಜ. ಹುಡುಗಿಯನ್ನು ಕೊಡುವುದು ಒಬ್ಬ ಗಂಡಿಗಲ್ಲ. ಒಂದು ಮನೆಗೆ, ಒಂದು ಊರಿಗೆ, ಅಲ್ಲಿನ ಗದ್ದೆಗೆ, ಹಟ್ಟಿಗೆ, ಒಲೆಗೆ. ‘ಕೊಟ್ಟ ಮನೆ’ ಎಂಬ ಎರಡು ಮಾತಿನಲ್ಲಿ ಒಂದು ಜನ್ಮದ ವಿಳಾಸ ಇದೆ. ಆ ವಿಳಾಸಕ್ಕೆ ಹೋದವಳು ಹಿಂದಕ್ಕೆ ಬಂದರೆ ನೆಂಟಳು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಇದು ನಮ್ಮವರ ಹಳೆಯ ಚಾಳಿ, ಇಂಗ್ಲಿಷಿನವರು ಮುಂದುವರಿದವರು ಎಂದು ಯಾರೂ ಅವಸರದಿಂದ ತೀರ್ಮಾನಿಸಬಾರದು. ಅವರ ಚರ್ಚಿನ ಹಳೆಯ ಪ್ರಾರ್ಥನಾಗ್ರಂಥದ ವಿವಾಹವಿಧಿಯಲ್ಲೂ ಈ ಹೆಣ್ಣನ್ನು ಕೊಡುವವರು ಯಾರೆಂದು ಪಾದ್ರಿ ಕೇಳುತ್ತಾನೆ. ತಂದೆ ಮುಂದೆ ಬರುತ್ತಾನೆ. ನಮ್ಮಲ್ಲಿ ಧಾರೆ ಎರೆಯುತ್ತಾರೆ, ಅವರಲ್ಲಿ ಕೈ ಹಿಡಿಸುತ್ತಾರೆ. ನೀರು ಇದೆ ಇಲ್ಲ ಎಂಬುದಷ್ಟೇ ಭೇದ, ವಿಭಕ್ತಿ ಒಂದೇ.

ನಮ್ಮ ಅಕ್ಕನನ್ನು 1968ರಲ್ಲಿ ಮಳವಳ್ಳಿಯ ಪಕ್ಕದ ಒಂದು ಹಳ್ಳಿಗೆ ಕೊಟ್ಟರು. ನಮ್ಮೂರು ಮಂಡ್ಯದ ಹತ್ತಿರ, ನಾಲೆ ಬಯಲು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಗಿ, ಇರ್ವಿನ್ ನಾಲೆ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗ ದಾಟಿ ನಮ್ಮ ಕಡೆಗೆ ಬಂದ ಮೇಲೆ ರಾಗಿ ಹೊಲಗಳು ಗದ್ದೆಯಾದವು; 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂದ ಮೇಲೆ ಗದ್ದೆಗೆ ಕಬ್ಬು ಬಂತು, ಎಕರೆಗೆ ಬೆಲೆ ಬಂತು. ನೆಲಕ್ಕೆ ಬೆಲೆ ಬಂದ ಹಾಗೆಲ್ಲ ಅದು ಮನೆಯ ಗಂಡುಮಕ್ಕಳ ಕೈಯಿಂದ ಜಾರಬಾರದೆಂಬ ಎಚ್ಚರವೂ ಬಂತು. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ಏನಾದರೂ ಕೊಟ್ಟರೆ ಅದು ದೊಡ್ಡ ಮನಸ್ಸು, ಕೊಡದಿದ್ದರೆ ಕೇಳುವಂತಿಲ್ಲ.

ಕಾನೂನು ಮಾತ್ರ ತನ್ನ ಪಾಡಿಗೆ ವಿಭಕ್ತಿ ತಿದ್ದುತ್ತ ಬಂತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಒಂದು ಕಾಯಿದೆ ಮಾಡಿತ್ತು. ಕರ್ನಾಟಕದ 1990ರ ತಿದ್ದುಪಡಿ ಕಾಯಿದೆ 1994ರ ಜುಲೈ 30ರಿಂದ ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಪಾಲು ಎಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಈ ಮಾತು ಅನ್ವಯಿಸುತ್ತಿರಲಿಲ್ಲ. ಗಾದೆಯೇ ಕಾಯಿದೆಯ ಕಲಮಾಗಿ ಬಂದು ಕುಳಿತಂತಿತ್ತು. ಕೊಟ್ಟ ಹೆಣ್ಣು ಹೊರಗೇ ಉಳಿದಳು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೆಂಬ ನಿಯಮವೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ‘ಮಗಳನ್ನು ಕೊಟ್ಟರು’ ಎಂಬ ವಾಕ್ಯದ ಪಕ್ಕದಲ್ಲಿ ‘ಮಗಳಿಗೆ ಕೊಟ್ಟರು’ ಎಂಬ ವಾಕ್ಯವನ್ನು ಬರೆಯಲು ಇಷ್ಟು ಕಾಲ ಹಿಡಿಯಿತು.

ಬರೆದದ್ದು ಕಾಯಿದೆಯ ಪುಸ್ತಕದಲ್ಲಿ. ಹಳ್ಳಿಯಲ್ಲಿ ಅದಕ್ಕೂ ಒಂದು ಉಪಾಯ ಹುಟ್ಟಿತು. ಹಕ್ಕು ಖುಲಾಸೆ ಪತ್ರ ಎಂಬುದೊಂದಿದೆ. ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತಂದು, ಹೊಸ ಸೀರೆ ಕೊಟ್ಟು, ಊಟ ಹಾಕಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರುಜು ಹಾಕಿಸಿಕೊಂಡು ಬಸ್ಸು ಹತ್ತಿಸುವುದು. ಕಾಯಿದೆ ಕೊಟ್ಟದ್ದನ್ನು ಸಂಜೆಯೊಳಗೆ ಈಸಿಕೊಂಡಾಯಿತು.

ನಮ್ಮ ತಂದೆ 2007ರಲ್ಲಿ ತೀರಿಕೊಂಡರು. ಮರುವರ್ಷ ನಾವು ಅಣ್ಣತಮ್ಮಂದಿರೂ ಅಕ್ಕನೂ ಕಚೇರಿಯ ಮುಂದಿನ ಮರದ ಕೆಳಗೆ ಕುಳಿತಿದ್ದೆವು. ಪತ್ರ ಬರಹಗಾರರು ವಾಡಿಕೆಯಂತೆ ಖುಲಾಸೆ ಪತ್ರವನ್ನೇ ಸಿದ್ಧಮಾಡಿದ್ದರು. ಅಕ್ಕ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ರುಜು ಬರುತ್ತದೆ, ಕಚೇರಿಯ ಕನ್ನಡ ಬಾರದು. “ಅದೇನ್ ಬರ್ದವ್ರೆ, ಓದ್ಲಾ ಮೇಷ್ಟ್ರೇ” ಎಂದಳು. ಓದಿದೆ. ‘ನನ್ನ ಸ್ವಸಂತೋಷದಿಂದ ಯಾರ ಬಲವಂತವೂ ಇಲ್ಲದೆ ಬಿಟ್ಟುಕೊಟ್ಟಿರುತ್ತೇನೆ’ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದಳು.

“ಇದ್ರಲ್ಲಿ ಕೊಡೋಳು ನಾನಾ?”

“ಹೂಂ ಅಕ್ಕ, ನೀನೇ.”

“ಈಸ್ಕಳೋರು ನೀವಾ?”

“ಹೂಂ.”

“ಹಂಗಾರೆ ಎಷ್ಟು ಕೊಡ್ತೀಯಮ್ಮ ಅಂತ ನನ್ನ ಯಾರೂ ಕೇಳ್ನೇ ಇಲ್ವಲ್ಲೋ. ನನ್ನ ಕೊಡುವಾಗ್ಲೂ ಕೇಳ್ನಿಲ್ಲ, ಹೋಗ್ಲಿ ಬುಡು, ಆಗ ಹುಡ್ಗಿ. ಈಗ ಕೊಡೋಳು ನಾನು ಅಂತ ನೀವೇ ಬರ್ಸಿದೀರಿ. ಕೊಡೋಳ್ನ ಒಂದು ಮಾತು ಕೇಳೋದು ಬ್ಯಾಡ್ವಾ?”

ಯಾರೂ ಮಾತಾಡಲಿಲ್ಲ. ದೊಡ್ಡಣ್ಣ ಟವಲಿನಿಂದ ಮುಖ ಒರೆಸಿಕೊಂಡು, “ನೀನೇ ಯೋಳವ್ವ” ಎಂದ. ಅಕ್ಕ ಮೊದಲೇ ಯೋಚಿಸಿಟ್ಟಿದ್ದವಳಂತೆ ಹೇಳಿದಳು: ನಾಲೆಯ ಪಕ್ಕದಲ್ಲಿ ಅವ್ವ ತೆಂಗಿನ ಸಸಿ ನೆಟ್ಟಿದ್ದ ಹತ್ತು ಗುಂಟೆ ತನಗೆ, ಉಳಿದದ್ದು ತಮ್ಮಂದಿರಿಗೆ, ಅಣ್ಣನಿಗೆ. ಕಾಯಿದೆಯ ಪ್ರಕಾರ ಅವಳಿಗೆ ಬರಬೇಕಾದದ್ದು ಅದಕ್ಕಿಂತ ಎಷ್ಟೋ ಹೆಚ್ಚೆಂದು ಅವಳಿಗೆ ತಿಳಿಸಿ ಹೇಳಿದೆವು. “ಗೊತ್ತು ಕಣ್ರೋ. ಮಿಕ್ಕಿದ್ದು ಕೊಟ್ಟೆ ಅಂದ್ನಲ್ಲ, ಈಸ್ಕಳಿ” ಎಂದಳು. ಪತ್ರ ಬೇರೆ ಬರೆಸಿದ್ದಾಯಿತು. ಆ ದಿನದ ಛಾಪಾಕಾಗದದ ಖರ್ಚು ಸ್ವಲ್ಪ ಹೆಚ್ಚಾಯಿತು. ಕಚೇರಿಯ ಮೆಟ್ಟಿಲಿಳಿಯುವಾಗ ಅಕ್ಕನ ನಡಿಗೆಯೂ ಸ್ವಲ್ಪ ಬೇರೆಯಾಗಿತ್ತು.

ಪ್ರತಿ ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಹೋಗುವುದು ಪದ್ಧತಿ. ನಮ್ಮ ಮನೆಯಿಂದಲೂ ಹೋಗುತ್ತದೆ. ಆದರೆ ಆ ವರ್ಷದಿಂದ ಅಕ್ಕನ ತೋಟದ ಎಳನೀರು, ತೆಂಗಿನಕಾಯಿ ನಮ್ಮ ಮೂರು ಮನೆಗೂ ಬರಲು ಮೊದಲಾಯಿತು. ಪೇಟೆಯಲ್ಲಿ ಕೊಂಡರೆ ನಾಲ್ಕು ಕಾಸಿನ ಮಾತು. ಆದರೆ ಮೂಟೆ ಇಳಿಸುವಾಗ ಅವಳ ದನಿ ಕೇಳಬೇಕು. ಹೋದ ಕೊಡುಗೆಯೊಂದು ತಾನೇ ಕೊಡುವವಳಾಗಿ ಹಿಂದಕ್ಕೆ ಬಂದಂತೆ ಇರುತ್ತದೆ.

ಅಕ್ಕನೊಬ್ಬಳಿಂದ ಜಿಲ್ಲೆ ಬದಲಾಯಿತೆಂದು ನಾನು ಹೇಳುವುದಿಲ್ಲ. 2023ರ ಫೆಬ್ರವರಿಯಲ್ಲಿ ಮದುವೆಯಾಗದ ರೈತ ಯುವಕರು ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾಲುನಡಿಗೆಯಲ್ಲಿ ಹೋದರು. ಹೆಣ್ಣು ಸಿಗಲೆಂದು ಮಾದಪ್ಪನಲ್ಲಿ ಹರಕೆ. ‘ರೈತರಿಗೆ ಯಾರೂ ಹೆಣ್ಣು ಕೊಡುತ್ತಿಲ್ಲ’ ಎಂಬುದು ಅವರ ಅಳಲು. ಬಿಸಿಲಲ್ಲಿ ನಡೆದ ಆ ಹುಡುಗರ ಸಂಕಟ ಸುಳ್ಳಲ್ಲ. ಹಲವರು ನನ್ನ ಶಿಷ್ಯರ ಮಕ್ಕಳ ವಯಸ್ಸಿನವರು. ಅದೇ ವರ್ಷದ ಕೊನೆಯಲ್ಲಿ ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ, ಬೆಲ್ಲದ ಕೊಪ್ಪರಿಗೆಯ ಮರೆಯಲ್ಲಿ, ಗರ್ಭದ ಕೂಸು ಗಂಡೋ ಹೆಣ್ಣೋ ಎಂದು ನೋಡುವ ಕಳ್ಳದಂಧೆ ಪೊಲೀಸರ ಕೈಗೆ ಸಿಕ್ಕಿತು. ಈ ಎರಡು ಸುದ್ದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಎದೆ ಧಸಕ್ಕೆನ್ನುತ್ತದೆ. ಹೆಣ್ಣೆಂದರೆ ಒಂದು ದಿನ ಎತ್ತಿ ಕೊಟ್ಟುಬಿಡಬೇಕಾದ ವಸ್ತು ಎಂದು ತಿಳಿದವರು ಅದನ್ನು ಸಾಕುವುದಾದರೂ ಏಕೆ ಎಂದುಕೊಂಡರು. ಸಾಕದೆ ಹೋದ ಮೇಲೆ, ಕೊಡುವವರಿಲ್ಲ ಎಂಬ ಕೂಗೆದ್ದಿತು. ಇದ್ದ ಹುಡುಗಿಯರನ್ನಾದರೂ, ‘ನಿನಗೆ ಒಪ್ಪಿಗೆಯೇ?’ ಎಂದು ಎಷ್ಟು ಮಂದಿ ಕೇಳಿದರು?

ಇದಕ್ಕೆ ಭಾಷೆಯನ್ನು ದೂರುವವರಿದ್ದಾರೆ. ‘ಕನ್ನಡದಲ್ಲಿ ಹೆಣ್ಣು ಯಾವಾಗಲೂ ಕರ್ಮಪದ’ ಎಂದು ಒಬ್ಬ ಕಿರಿಯ ಮಿತ್ರರು ಒಮ್ಮೆ ವಾದಿಸಿದರು. ನನಗೆ ಹಾಗೆ ತೋರುವುದಿಲ್ಲ. ನಮ್ಮ ಭಾಷೆ ಕಣಜದ ಹಾಗೆ. ಅದರಲ್ಲಿ ಏಳು ವಿಭಕ್ತಿಗಳನ್ನೂ ತುಂಬಿಟ್ಟಿದ್ದಾರೆ. ‘ಅವಳನ್ನು’ ಇದೆ, ‘ಅವಳಿಗೆ’ ಇದೆ, ‘ಅವಳು’ ಇದೆ. ಮೂರನ್ನೂ ಒಂದೇ ‘ಕೊಡು’ ಹೊತ್ತು ನಡೆಯುತ್ತದೆ, ಹಲ್ಮಿಡಿಯ ಕಾಲದಿಂದ ಒಮ್ಮೆಯೂ ದಣಿಯದೆ. ಯಾವುದನ್ನು ಅಳೆದು ಹೊರಕ್ಕೆ ತೆಗೆಯಬೇಕೆಂಬುದು ಕಣಜದ ಕೆಲಸವಲ್ಲ, ಮನೆಯವರ ಕೆಲಸ. ಇಂಗ್ಲಿಷಿನಲ್ಲಿ ‘ರಾಣಿ ವಾಸ್ ಗಿವನ್’ ಎಂದಾಗ ಮುಂದೇನೆಂದು ಕಾಯಬೇಕು. ಕನ್ನಡದಲ್ಲಿ ಆ ಸಂದಿಗ್ಧವಿಲ್ಲ. ಪ್ರತ್ಯಯ ಹಚ್ಚುವ ಕ್ಷಣದಲ್ಲೇ ನಾವು ತೀರ್ಮಾನ ಮಾಡಿರುತ್ತೇವೆ. ನಮ್ಮ ಭಾಷೆಯ ಈ ಸ್ಪಷ್ಟತೆಯಿಂದ ನಮಗೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಈಗಲೂ ಪರಿಚಯದ ಹುಡುಗಿಯರು ಮನೆಗೆ ಬಂದು ವ್ಯಾಕರಣ ಕೇಳುವುದುಂಟು. ಅವರಿಗೆ ಗಿವ್ ಹೇಳಿಕೊಡುವಾಗ ಮೊದಲು ಮೂರು ಕನ್ನಡ ವಾಕ್ಯ ಬರೆಸುತ್ತೇನೆ: ಅವಳನ್ನು ಕೊಟ್ಟರು, ಅವಳಿಗೆ ಕೊಟ್ಟರು, ಅವಳು ಕೊಟ್ಟಳು. ಇಂಗ್ಲಿಷು ಮಾಡಿ ಎನ್ನುತ್ತೇನೆ. ಹೋದ ತಿಂಗಳು ಒಬ್ಬಳು ಮೊದಲನೆಯದನ್ನು ಬಿಟ್ಟು ಉಳಿದೆರಡನ್ನೇ ಬರೆದು ತಂದಳು. ಇದೇಕೆ ಬಿಟ್ಟೆ ಎಂದರೆ, “ಅದು ಬೇಡ ಸಾರ್, ಅದ್ರ ಬದ್ಲು ‘ಅವಳು ಮದುವೆಯಾದಳು’ ಅಂತ ಕೊಡಿ, ಮಾಡ್ತೀನಿ” ಎಂದಳು. ಕೊಟ್ಟೆ. ತಪ್ಪಿಲ್ಲದೆ ಮಾಡಿದಳು.